ಮುದ್ದಮ್ಮ ನೀರು ಕುಡಿದದ್ದು

ಜನವರಿ 9, 1997, ಗುರುವಾರ

ಇವತ್ತು ನಲವತ್ತೊಂದನೇ ಕೇಸು. ಕೆಳಗಿನ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಹೆಂಗಸು ಚೀಲ ಹೊತ್ತು ಇಳಿಜಾರಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಹೆಸರು ಮುದ್ದಮ್ಮ. ವಯಸ್ಸು ಕೇಳಿದರೆ "ನಲವತ್ತೋ ಐವತ್ತೋ, ನೀವೇ ನೋಡಿ ಬರ್ಕಳಿ" ಅಂದಳು. ಮೂಳೆ ಎಳೆದು ಕೂರಿಸಬೇಕಿತ್ತು, ಕೆಟಮಿನ್ ಕೊಟ್ಟೆ. ಬಾಳೂರಿನ ಈ ಎಸ್ಟೇಟ್ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರೂ ಇಲ್ಲ, ಯಂತ್ರವೂ ಇಲ್ಲ. ಇರುವುದು ನಾನು, ಕಾಂಪೌಂಡರ್ ಮೊಹಿದ್ದೀನ್ ಮತ್ತು ಈ ಪುಟ್ಟ ಸೀಸೆ. ಉಸಿರು ಕೆಡಿಸದೆ ನೋವು ಮರೆಸುತ್ತದೆ, ಅದಕ್ಕೇ ನಮ್ಮಂಥ ಕಡೆ ಇದೇ ಗತಿ. ಒಂದೇ ತಕರಾರು, ಏಳುವಾಗ ಜನ ಏನೇನೋ ಕಾಣುತ್ತಾರೆ.

ಆ ಏನೇನನ್ನೋ ಬರೆದಿಡುವುದು ಹನ್ನೊಂದು ವರ್ಷದಿಂದ ನನ್ನ ಚಟ. ಅದಕ್ಕೆಂದೇ ಬೇರೆ ನೋಟ್‌ಬುಕ್ ಇದೆ. ಮೇಸ್ತ್ರಿ ಗಿಡ್ಡಪ್ಪ ಕಾಲಿನ ಕುರು ಕೊಯ್ಯಿಸಿಕೊಂಡಾಗ ಭದ್ರಾ ಹೊಳೆಯ ಮೇಲೆ ನಡೆದು ಆಚೆ ದಡಕ್ಕೆ ಹೋಗಿದ್ದ. ಜೀಪಿನ ಮಾರಯ್ಯನಿಗೆ ಸತ್ತುಹೋದ ಎತ್ತು ಬಂದು ಕೈ ನೆಕ್ಕಿತು. ಒಬ್ಬಾಕೆ ದೇವರ ಮುಖವನ್ನೇ ಕಂಡಳಂತೆ, ಬೆಳಕು ಜಾಸ್ತಿಯಾಗಿ ಮೂಗು ಮಾತ್ರ ಕಾಣಲಿಲ್ಲವಂತೆ. ಐವತ್ತು ಕೇಸು ತುಂಬಿದರೆ ಚಿಕ್ಕಮಗಳೂರಿನ ವೈದ್ಯರ ಸಭೆಯಲ್ಲಿ ಓದಬೇಕೆಂದಿದ್ದೇನೆ.

ಮುದ್ದಮ್ಮ ಕಣ್ಣು ಬಿಟ್ಟವಳೇ ನಕ್ಕಳು. ಆಮೇಲೆ "ನೀರು" ಅಂದಳು. ಅರಿವಳಿಕೆ ಪೂರ್ತಿ ಇಳಿಯುವ ತನಕ ಕೊಡುವಂತಿಲ್ಲ, ಎರಡು ಗಂಟೆ ಕಾಯಿಸಿದೆ. ನಗುತ್ತಲೇ ಕಾದಳು. ಕೊಟ್ಟ ಮೇಲೆ ಒಂದು ಚೊಂಬು, ಅದರ ಮೇಲೊಂದು ಚೊಂಬು, ಗಟಗಟ ಇಳಿಸಿದಳು. ಮೊಹಿದ್ದೀನ್ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಏನು ಮಾರಾಯ, ನೀರು ಕುಡಿಯೋರನ್ನ ಕಂಡಿಲ್ವಾ?"

"ಇವಳು ಕುಡಿಯೋದು ಕಂಡಿಲ್ಲ ಸಾರ್. ಹೊತ್ತು ಹುಟ್ಟಿದ್ಮೇಲೆ ಮುಳುಗೋ ತನಕ ಹನಿ ಮುಟ್ಟಲ್ಲ. ನಾಡಿದ್ದಿಂದ ನಮ್ಮ ರಂಜಾನ್ ಉಪವಾಸ ಶುರು, ನಮ್ದು ಒಂದು ತಿಂಗಳು. ಇವಳ್ದು ಆರು ವರ್ಷದಿಂದ ನಡೀತಾನೇ ಇದೆ."

ಹರಕೆ ಇರಬೇಕು ಅಂದೆ. ಅವನು ನನ್ನ ಮುಖ ನೋಡಿ, ಖಾಲಿ ಚೊಂಬು ಎತ್ತಿಕೊಂಡು ಹೋದ.

ಕುರ್ಚಿಗೆ ಒರಗಿದರೆ ಬೆನ್ನಿನ ಗಡ್ಡೆ ಒತ್ತುತ್ತದೆ. ತೆಗೆಸಿ ತೆಗೆಸಿ ಎಂದು ನನ್ನ ಹೆಂಡತಿ ಗಂಗೆ ಎಂಟು ವರ್ಷ ಹೇಳಿದಳು. ಅವಳು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಇನ್ನು ಹೇಳುವವರಿಲ್ಲ.

ಜನವರಿ 11

ಕೇಸ್ 41ರ ಹೇಳಿಕೆ ತೆಗೆದುಕೊಂಡೆ. ಅವಳ ಮಾತಲ್ಲೇ ಬರೆಯುತ್ತೇನೆ.

"ನಮ್ಮ ದ್ಯಾವಿ ಕಂಡ್ಳು ಡಾಕ್ಟ್ರಯ್ಯ. ಹಳ್ಳದ ದಂಡೇಲಿ ಕೂತು ಬೊಗಸೇಲಿ ಮೊಗೆದು ಮೊಗೆದು ನೀರು ಕುಡೀತಿದ್ಳು. ಗಲ್ಲದ ಮೇಲೆಲ್ಲ ಸುರೀತಿತ್ತು. ನನ್ನ ನೋಡಿ, ಸಾಕವ್ವ, ಹೊಟ್ಟೆ ತುಂಬ್ತು, ಇನ್ನು ನೀನು ಕುಡಿ ಅಂದ್ಲು."

ದ್ಯಾವಿ ಇವಳ ಮಗಳು. ಹೆಸರು ಕೇಳಿದ ಮೇಲೆ ನನಗೂ ನೆನಪಾಯಿತು. 91ರ ಮಳೆಗಾಲದಲ್ಲಿ ವಾಂತಿಭೇದಿ ಬಂದು ತೀರಿಕೊಂಡ ಏಳು ವರ್ಷದ ಹುಡುಗಿ. ಭೇದಿಯಾದಾಗ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎನ್ನುವುದು ಇಲ್ಲಿಯ ಹೆಂಗಸರ ಶಾಸ್ತ್ರ. ಹಗಲಿಡೀ ಮಗು ನೀರು ಕೇಳಿದೆ, ತಾಯಿ ಕೊಟ್ಟಿಲ್ಲ. ಸಂಜೆ ಜೀಪಿನಲ್ಲಿ ತರುವಷ್ಟರಲ್ಲಿ ಮುಗಿದಿತ್ತು. ಮರುವಾರವೇ ನಾನು ಕೂಲಿಯವರ ಸಾಲುಮನೆಗಳ ಲೈನಿಗೆ ಹೋಗಿ, ಹೆಂಗಸರನ್ನೆಲ್ಲ ಕೂರಿಸಿ, ಉಪ್ಪು ಸಕ್ಕರೆ ನೀರು ಕಲಸುವುದನ್ನು ತೋರಿಸಿದೆ. ಅಲ್ಲಿಂದೀಚೆಗೆ ಆ ಲೈನಿನಲ್ಲಿ ಒಂದು ಮಗುವೂ ಭೇದಿಯಿಂದ ಸತ್ತಿಲ್ಲ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಎದೆ ತಟ್ಟಿ ಹೇಳಬಹುದಾದ ಕೆಲಸ ಅದೊಂದೇ.

ಮುದ್ದಮ್ಮ ಹಗಲು ನೀರು ಬಿಟ್ಟದ್ದು ಯಾಕೆಂದು ಈಗ ತಿಳಿಯಿತು.

ಕಂಡದ್ದರಲ್ಲಿ ವಿಶೇಷ ಏನೂ ಇಲ್ಲ. ಮಿದುಳಿನ ಜೀವಕೋಶಗಳಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಬಂದು ತಟ್ಟುವ ಬಾಗಿಲುಗಳಿವೆ, ಕೆಟಮಿನ್ ಅದರಲ್ಲಿ ಒಂದು ಬಗೆಯ ಬಾಗಿಲಿಗೆ ಅಗುಳಿ ಹಾಕುತ್ತದೆ. ಮೈಯಿಂದ, ಕಣ್ಣಿನಿಂದ, ಕಿವಿಯಿಂದ ಬರುವ ಸುದ್ದಿ ಸರಿಯಾಗಿ ಒಳಗೆ ತಲುಪುವುದಿಲ್ಲ. ಸುದ್ದಿ ಬಾರದಿದ್ದರೆ ಮಿದುಳು ಕೈಕಟ್ಟಿ ಕೂರುವ ಜಾತಿಯಲ್ಲ, ತನ್ನ ಕಣಜದಲ್ಲಿ ಇದ್ದದ್ದನ್ನೇ ತೆಗೆದು ಅಡುಗೆ ಮಾಡುತ್ತದೆ. ನಾನು ಎಂಬ ಗೆರೆ ಅಳಿಸಿಹೋದಾಗ ಎಲ್ಲವೂ ದೊಡ್ಡದಾಗಿ, ಪವಿತ್ರವಾಗಿ, ನಿಜಕ್ಕಿಂತ ನಿಜವಾಗಿ ಕಾಣುತ್ತದೆ. ಕಣಜದಲ್ಲಿ ಎತ್ತಿದ್ದವನಿಗೆ ಎತ್ತು, ಮಗಳಿದ್ದವಳಿಗೆ ಮಗಳು.

ಜನವರಿ 26, ಭಾನುವಾರ

ಆಸ್ಪತ್ರೆಯ ಮುಂದೆ ಧ್ವಜ ಹಾರಿಸಿ ಬಂದೆ. ಮಿಠಾಯಿ ತೆಗೆದುಕೊಳ್ಳಲು ಬಂದ ಮುದ್ದಮ್ಮನನ್ನು ಗುರುತೇ ಹಿಡಿಯಲಿಲ್ಲ. ಕೈಗೆ ಪಟ್ಟಿ ಇದ್ದರೂ ಮುಖ ತುಂಬಿಕೊಂಡಿದೆ. ಹೆಗಲಿಗೆ ಹಗ್ಗ ಕಟ್ಟಿದ ಬಾಟಲಿ ನೇತುಹಾಕಿಕೊಂಡು, ಹೋದಲ್ಲಿ ಬಂದಲ್ಲಿ ನೀರು ಕುಡಿಯುತ್ತಾಳೆ, ಸಿಕ್ಕ ಮಕ್ಕಳಿಗೂ ಕುಡಿಸುತ್ತಾಳೆ. ಮೂತ್ರ ಉರಿ ಎಂದು ತಿಂಗಳಿಗೊಮ್ಮೆ ಬಂದು ಮೊಹಿದ್ದೀನನ ಹತ್ತಿರ ಮಾತ್ರೆ ಒಯ್ಯುತ್ತಿದ್ದವಳು ಆ ಮಾತೇ ಎತ್ತಲಿಲ್ಲ.

ತಾಪತ್ರಯ ಶುರುವಾದದ್ದು ಬೇರೆ ಕಡೆಯಿಂದ. ಲೈನಿನಲ್ಲೆಲ್ಲ "ಡಾಕ್ಟ್ರಯ್ಯನ ಸೂಜಿ ಹೋದೋರನ್ನ ತೋರಿಸ್ತದೆ" ಎಂದು ಸುದ್ದಿಯಾಗಿದೆ. ಗಿಡ್ಡಪ್ಪ ತನ್ನ ಅಕ್ಕ ಶಂಕರಮ್ಮನನ್ನು ಕರೆತಂದು, "ಭಾವ ಹೋಗುವಾಗ ಒಂದು ಮಾತೂ ಆಡಿಲ್ಲ ಸಾರ್, ಒಂದು ಸಲ ಚುಚ್ಚಿಬಿಡಿ, ಕೇಳ್ಕಂಡು ಬರ್ತಾಳೆ" ಅಂದ. ಏನೋ ಬಾಳೆಹೊನ್ನೂರಿಗೆ ಬಸ್ಸು ಹತ್ತಿಸಿ ಅಂದ ಹಾಗೆ! ಬೈದು ಕಳಿಸಿದೆ.

ಫೆಬ್ರವರಿ 15

ಪಟ್ಟಿ ಬಿಚ್ಚಿದೆ. ಮೂಳೆ ಚೆನ್ನಾಗಿ ಕೂಡಿದೆ.

ಮುದ್ದಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಹೇಳಲೇಬೇಕಿತ್ತು, ಈ ವಾರ ಮತ್ತೆ ಮೂವರು ಸೂಜಿ ಕೇಳಿಕೊಂಡು ಬಂದಿದ್ದರು. ಸೀಸೆಯನ್ನು ಅವಳ ಕೈಗೇ ಕೊಟ್ಟೆ. "ನೀನು ಕಂಡದ್ದು ಇದರ ಕೆಲಸ. ಮಿದುಳಿನಲ್ಲಿ ಇದ್ದದ್ದನ್ನೇ ಇದು ಎಬ್ಬಿಸುತ್ತದೆ. ಕನಸಿನ ಥರ."

"ದ್ಯಾವಿ ಬರ್ಲಿಲ್ವಾ ಹಂಗಾದ್ರೆ?"

"ಬರಲಿಲ್ಲ."

"ನೀರು ಕುಡೀಲಿಲ್ವಾ?"

"ಇಲ್ಲ ಮುದ್ದಮ್ಮ."

ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದಳು. "ಇಷ್ಟೇ ಇಷ್ಟಾ" ಅಂದು ಮೇಜಿನ ಮೇಲಿಟ್ಟಳು. ಬಾಗಿಲ ಹತ್ತಿರ ನಿಂತು "ನೀವು ಸುಳ್ಳು ಹೇಳೋರಲ್ಲ" ಅಂದು ಹೊರಟುಹೋದಳು.

ಮೊಹಿದ್ದೀನ್ ನನ್ನತ್ತ ನೋಡದೆ ಸೀಸೆ ಎತ್ತಿ ಬೀರುವಿನಲ್ಲಿಟ್ಟ.

ಫೆಬ್ರವರಿ 16

ಮಾಡಿದ್ದು ಸರಿಯೇ.

ಮಾರ್ಚ್ 12, ಬುಧವಾರ

ನಿನ್ನೆ ಹೂಮಳೆ ಬಿತ್ತು. ಇನ್ನೊಂದು ವಾರದಲ್ಲಿ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತದೆ. ಎಸ್ಟೇಟ್ ಮಾಲೀಕರು ಸಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತ ಓಡಾಡುತ್ತಿದ್ದಾರೆ.

ಕೊಟ್ಟಿಗೆಹಾರದಿಂದ ಬೆಳಗಿನ ಬಸ್ಸಿಗೆ ಬಂದ ಮೊಹಿದ್ದೀನ್ ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಹಗ್ಗ ಕಟ್ಟಿದ ಅದೇ ಬಾಟಲಿ. "ದಾರೀಲಿ ಸಿಕ್ಕಿ ಮುದ್ದಮ್ಮ ಕೊಟ್ಳು. ನಿಮ್ಮ ಆಸ್ಪತ್ರೇದಂತೆ, ವಾಪಸ್ ಇಟ್ಕಳಿ ಅಂತ. ಹಗಲು ಮತ್ತೆ ಹನಿ ಮುಟ್ಟಲ್ಲ, ಈಗ ರಾತ್ರಿನೂ ಒಂದು ಲೋಟ ಅಷ್ಟೇ ಸಾರ್."

"ನಾನೇನು ಮಾಡಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ."

"ಹೌದು ಸಾರ್. ಇದ್ದದ್ದು ಇದ್ದ ಹಾಗೆ."

ಅವನು ಹಾಗೆ ಅಂದ ರೀತಿ ನನಗೆ ಹಿಡಿಸಲಿಲ್ಲ. ಗಂಗೆಯೂ ಕಡೆಯ ದಿನಗಳಲ್ಲಿ ನೋವಿಗೆ ಪೆಥಿಡಿನ್ ಕೊಟ್ಟಾಗ ಹೀಗೇ ಒಂದು ಮಾತು...

ಬೇಡ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಏಪ್ರಿಲ್ 3

ಮುದ್ದಮ್ಮನನ್ನು ಜೀಪಿನಲ್ಲಿ ತಂದರು. ಮೈ ಸುಡುತ್ತಿತ್ತು, ಬೆನ್ನಿನ ಕೆಳಗೆ ಮುಟ್ಟಿದರೆ ಚೀರುತ್ತಿದ್ದಳು. ಮೂತ್ರಪಿಂಡಕ್ಕೆ ಸೋಂಕು ಹತ್ತಿದೆ, ಕಲ್ಲೂ ಇರಬೇಕು. ಬಿಸಿಲಲ್ಲಿ ಗುಂಡಿ ತೆಗೆಯುವ ಕೆಲಸ, ಹೊಟ್ಟೆಗೆ ನೀರಿಲ್ಲ. ಡ್ರಿಪ್ ಹಾಕಿದೆ. ಹೀಗೇ ನಡೆದರೆ ಒಂದೆರಡು ವರ್ಷದಲ್ಲಿ ಎರಡೂ ಮೂತ್ರಪಿಂಡ ಕೈಕೊಡುತ್ತವೆ. ಇವಳು ಸಾಯುತ್ತಾಳೆ.

ಏಪ್ರಿಲ್ 6, ಭಾನುವಾರ

ಜ್ವರ ಇಳಿದಿದೆ. ಲೋಟ ಹಿಡಿದರೆ ಮುಖ ತಿರುಗಿಸುತ್ತಾಳೆ. ಇವತ್ತು ಮಂಚದ ಪಕ್ಕ ಕೂತು, ಬೈದು, ಗದರಿಸಿ, ಕೊನೆಗೆ ಅಂಗಲಾಚಿದೆ.

"ನಾನು ಹೇಳಿದ್ದು ತಪ್ಪಿರಬಹುದು ಮುದ್ದಮ್ಮ. ಡಾಕ್ಟ್ರಿಗೆ ಎಲ್ಲಾ ಗೊತ್ತಿರುತ್ತಾ?"

"ನೀವು ತಪ್ಪು ಹೇಳಲ್ಲ. ನೀರು ಕೊಟ್ಟಿದ್ರೆ ಮಗು ಬದುಕ್ತಿತ್ತು ಅಂತ ಅವತ್ತು ಹೇಳಿದ್ದೂ ನೀವೇ. ಲೈನಲ್ಲಿ ಎಲ್ಲರ ಎದುರಿಗೆ ನನ್ನ ಎದ್ದು ನಿಲ್ಲಿಸಿ ಹೇಳಿದ್ರಿ. ಅದು ನಿಜ ಅಲ್ವಾ?"

ನಾನು ಇವಳನ್ನು ಎದ್ದು ನಿಲ್ಲಿಸಿದ್ದೆನೇ? ಉಪ್ಪು ಸಕ್ಕರೆ ನೀರು ನೆನಪಿದೆ. ಕಲಸಿದ ಪಾತ್ರೆ ನೆನಪಿದೆ. ಎದುರಿಗೆ ನಿಂತವಳ ಮುಖ ಎಷ್ಟು ತಡಕಿದರೂ ನೆನಪಿಗೆ ಬರುತ್ತಿಲ್ಲ. ಮೊಹಿದ್ದೀನನನ್ನು ಕೇಳಿದೆ. "ನಿಲ್ಲಿಸಿದ್ರಿ ಸಾರ್. ಮಗು ಹೋಗಿ ಎಂಟು ದಿನ ಆಗಿತ್ತು. ನೋಡಿ, ಈ ತಪ್ಪು ಯಾರೂ ಮಾಡ್ಬೇಡಿ ಅಂದ್ರಿ." ಆರು ವರ್ಷ ಇದನ್ನು ಗೊತ್ತಿಟ್ಟುಕೊಂಡು ನನ್ನ ಜೊತೆ ಕೆಲಸ ಮಾಡಿದ್ದಾನೆ.

ಆ ಲೈನಿನ ಮಕ್ಕಳು ಬದುಕಿಕೊಂಡದ್ದು ನಿಜ. ಅದಕ್ಕೆ ಈ ತಾಯಿಯನ್ನು ಎದ್ದು ನಿಲ್ಲಿಸುವ ಅಗತ್ಯ ಇರಲಿಲ್ಲ. ಉಪ್ಪು, ಸಕ್ಕರೆ, ನೀರು ಸಾಕಿತ್ತು.

ಗಂಗೆಯದನ್ನೂ ಬರೆದುಬಿಡುತ್ತೇನೆ. ಹೊಟ್ಟೆಯ ಕ್ಯಾನ್ಸರ್. ನಾನೇ ನನ್ನ ಕೈಯಾರೆ ಪೆಥಿಡಿನ್ ಕೊಡುತ್ತಿದ್ದೆ. ಹೋಗುವುದಕ್ಕೆ ಒಂಬತ್ತು ದಿನ ಮುಂಚೆ, ಒಂದು ಬೆಳಿಗ್ಗೆ, ನಾನು ಮಂಚದ ತುದಿಯಲ್ಲಿ ಕೂತಿದ್ದಾಗ ಬಹಳ ಖುಷಿಯಿಂದ, "ರೀ, ಸ್ವಲ್ಪ ಸರಿದು ಕೂತ್ಕೊಳ್ಳಿ, ಅವ್ವ ಬಂದಿದಾರೆ, ಜಾಗ ಇಲ್ಲ ಅವ್ರಿಗೆ" ಅಂದಳು. ಅವಳ ತಾಯಿ ತೀರಿಕೊಂಡು ಇಪ್ಪತ್ತು ವರ್ಷ. ನಾನು ಏನು ಮಾಡಬೇಕಿತ್ತು? ಒಂದು ಗೇಣು ಸರಿದು ಕೂತಿದ್ದರೆ ಆಗಿಹೋಗುತ್ತಿತ್ತು. "ಯಾರೂ ಇಲ್ಲ ಗಂಗಾ, ಅದು ಪೆಥಿಡಿನ್" ಅಂದೆ. ಡೋಸು ಎಷ್ಟು, ಎಷ್ಟು ಹೊತ್ತಿಗೆ ಹೀಗೆ ಆಗುತ್ತದೆ, ಅದನ್ನೂ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಒಂಬತ್ತು ದಿನ ಆಗಾಗ ಮಂಚದ ತುದಿಯತ್ತ ನೋಡುವುದು, ನನ್ನ ಮುಖ ನೋಡುವುದು, ಕಣ್ಣು ಮುಚ್ಚಿಕೊಳ್ಳುವುದು. ಅವ್ವನ ಹೆಸರು ಎತ್ತಲಿಲ್ಲ. ಸಾಯುವ ಹೊತ್ತಿಗೆ ಅವಳಿಗೆ ಸಿಕ್ಕಿದ್ದ ಜೊತೆಯನ್ನೂ ನಾನು ಎಬ್ಬಿಸಿ ಕಳಿಸಿದೆ.

ಏಪ್ರಿಲ್ 9

ಮುದ್ದಮ್ಮ ನಾಳೆ ಲೈನಿಗೆ ಹೋಗುತ್ತಾಳೆ. ಇವತ್ತು ಅವಳೇ ಮಾತು ತೆಗೆದಳು.

"ನಿಮ್ಗೆ ಯಾವತ್ತಾದ್ರೂ ಆ ಸೂಜಿ ಹಾಕಿದಾರಾ ಡಾಕ್ಟ್ರಯ್ಯ?"

"ಇಲ್ಲ."

"ಮತ್ತೆ ಹೆಂಗೆ ಗೊತ್ತು ನಿಮ್ಗೆ?"

"ಓದಿದ್ದು. ಬೇರೆಯವರು ಹೇಳಿದ್ದು."

ಹೊದಿಕೆ ಸರಿಸಿ ಎದ್ದು ಕೂತಳು. "ಅಮ್ನೋರು ಹೋಗಿ ನಿಮ್ಗೂ ಸಂಕಟ ಇದೆ. ನೀವು ಹಾಕಿಸ್ಕಂಡು ನೋಡಿ. ನಿಮ್ಗೂ ಅವ್ರು ಕಂಡ್ರೆ ಅದು ಔಷಧಿದೇ ಆಟ. ಯಾರೂ ಕಾಣ್ದಿದ್ರೆ, ನನಗೆ ಕಂಡಿದ್ದು ನನ್ನ ದ್ಯಾವಿನೇ. ನೀವು ಹೇಳಿದ್ದು ನಾನು ನಂಬ್ತೀನಿ, ಯಾವ್ದಾದ್ರೂ ಸರಿ."

ಇದು ಪರೀಕ್ಷೆಯೇ ಅಲ್ಲ. ಒಬ್ಬರಿಗೆ ಕಾಣದಿದ್ದ ಮಾತ್ರಕ್ಕೆ ಇನ್ನೊಬ್ಬರು ಕಂಡದ್ದು ನಿಜವಾಗುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲೇ ಏಳು ಜನಕ್ಕೆ ಏನೂ ಕಂಡಿಲ್ಲ. ಅದನ್ನೆಲ್ಲ ಹೇಳುವ ಬದಲು, ಆಗಲಿ, ನೋಡೋಣ ಅಂದೆ.

ಮೇ 17, ಶನಿವಾರ

ಮೂಡಿಗೆರೆಯಲ್ಲಿ ಸರ್ಜನ್ ರಾಜೇಶ್ ಇದ್ದಾರೆ. ಚಿಕ್ಕ ವಯಸ್ಸು, ಒಳ್ಳೆ ಕೈ. ಬೆನ್ನಿನ ಗಡ್ಡೆ ತೆಗೆಸಿಕೊಂಡು ಬಂದೆ. "ಸಾರ್, ಇದಕ್ಕೆ ಲೋಕಲ್ ಇಂಜೆಕ್ಷನ್ ಸಾಕಲ್ವಾ?" ಅಂದರು. ಕೆಟಮಿನ್ನೇ ಬೇಕು ಅಂದೆ. ದೃಶ್ಯ ಕಾಣದಿರಲೆಂದು ಜೊತೆಗೆ ಕೊಡುವ ಇನ್ನೊಂದು ಔಷಧಿಯೂ ಬೇಡ ಅಂದೆ. ಮುದುಕರ ಹಟ ಅಂದುಕೊಂಡಿರಬೇಕು. ಮೊಹಿದ್ದೀನ್ ಆಪರೇಷನ್ ಮೇಜಿನ ಪಕ್ಕ ನಿಂತಿದ್ದ.

ಬೆನ್ನು ಉರಿಯುತ್ತಿದೆ. ಇವತ್ತು ಇಷ್ಟು ಸಾಕು.

ಮೇ 18

ಬರೆಯಲಾಗಲಿಲ್ಲ.

ಮೇ 25, ಭಾನುವಾರ

ಹೊಲಿಗೆ ಬಿಚ್ಚಿಸಿಕೊಂಡು ನೇರ ಲೈನಿಗೆ ಹೋದೆ. ಈ ವಾರವಿಡೀ ಒಂದೇ ಯೋಚನೆ. ಮೂಡಿಗೆರೆಯಿಂದ ಜೀಪಿನಲ್ಲಿ ವಾಪಸು ಬರುವಾಗಲೇ ಓಡಿಹೋಗಿ ಮುದ್ದಮ್ಮನಿಗೆ ಹೇಳಬೇಕೆಂದು ಮೈ ತುಡಿದಿತ್ತು. ಮೊದಲ ಸಲ ನನ್ನ ಹತ್ತಿರ ಅವಳಿಗೆ ಹೇಳುವಂಥ ಸಂಗತಿ ಇತ್ತು, ಅವಳೊಬ್ಬಳಿಗೇ ಅರ್ಥವಾಗುವಂಥದ್ದು. ಆದರೆ ಅವಳು ಹಾಕಿದ ಷರತ್ತು ಬೇರೆ ಇತ್ತಲ್ಲ.

ಮುದ್ದಮ್ಮ ಮನೆಯ ಮುಂದೆ ಕಾಯಿಪಲ್ಯದ ಪಾತಿ ಕೆದಕುತ್ತಿದ್ದಳು. ತುಟಿ ಒಡೆದು ಬೆಳ್ಳಗಾಗಿತ್ತು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದು ನಿಂತಳು. ನಾನು ಬೇಡ ಕೂತ್ಕೋ ಅಂದು ಜಗಲಿಯ ಮೇಲೆ ಕೂತೆ.

"ಸೂಜಿ ಹಾಕಿಸ್ಕೊಂಡೆ ಮುದ್ದಮ್ಮ. ಅದೇ ಔಷಧಿ."

"ಅದೇ ಸೀಸೆನಾ?"

"ಅದೇ."

"ಅಮ್ನೋರು ಕಂಡ್ರಾ?"

ಮೊಹಿದ್ದೀನ್ ಬೇಲಿಯ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದ.

"ಇಲ್ಲ. ಯಾರೂ ಕಾಣಲಿಲ್ಲ. ಕತ್ತಲು, ಆಮೇಲೆ ಎಚ್ಚರ ಆಯ್ತು."

ಮೂವತ್ತು ವರ್ಷ ರೋಗಿಗಳಿಗೆ ಸುಳ್ಳು ಹೇಳಿದವನಲ್ಲ ನಾನು. ಸಾಯುವವರಿಗೆ ಸಾಯುತ್ತೀಯ ಎಂದೇ ಹೇಳಿದ್ದೇನೆ. ಆ ಹೆಸರನ್ನೆಲ್ಲ ಇವತ್ತು ಒಂದೇ ಮಾತಿಗೆ ಖರ್ಚು ಮಾಡಿದೆ. ಇವಳು ನಂಬಿದ್ದೂ ಆ ಹೆಸರಿನ ಬಲದಿಂದಲೇ.

ಮುದ್ದಮ್ಮ ನನ್ನ ಮುಖವನ್ನೇ ನೋಡಿದಳು. "ಹಂಗಾದ್ರೆ ಅವಳು ಸೀಸೇಲಿ ಇರ್ಲಿಲ್ಲ" ಅಂದಳು. ಇನ್ನೊಂದು ಸಲ ಅದನ್ನೇ ಅಂದಳು. ಆಮೇಲೆ ಒಳಗೆ ಹೋದಳು. ಕೊಡದ ತಟ್ಟೆ ಸರಿಸಿದ ಸದ್ದು, ಚೊಂಬು ಅದ್ದಿದ ಸದ್ದು ಕೇಳಿಸಿತು. ಕುಡಿಯುವ ಸದ್ದೂ ಕೇಳಿಸಿತು. ಹೊರಗೆ ಹನ್ನೊಂದು ಗಂಟೆಯ ಬಿಸಿಲು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು ನನಗೂ ಒಂದು ಲೋಟ ಕೊಟ್ಟಳು.

"ಪಾಪ, ನೀವು ಅಷ್ಟು ಕಷ್ಟಪಟ್ಟು ಹೋದ್ರೂ ಅಮ್ನೋರು ಒಂದು ಸಲ ಬರಬಾರ್ದಿತ್ತಾ" ಅಂದಳು. ನನಗಾಗಿ ಅವಳ ಕಣ್ಣಲ್ಲಿ ನೀರು ಬಂತು. ಹೌದು, ಬರಬಹುದಿತ್ತು ಅಂದೆ.

ದಾರಿಯಲ್ಲಿ ಮೊಹಿದ್ದೀನ್ ಸೇತುವೆ ದಾಟಿದ ಮೇಲೆ, "ನಾನು ಯಾರಿಗೂ ಹೇಳಲ್ಲ ಸಾರ್" ಅಂದ.

ನೋಟ್‌ಬುಕ್ಕಿನಲ್ಲಿ ಕೇಸ್ 42 ಎಂದು ಬರೆದು, ಮುಂದೆ 'ಏನೂ ಕಾಣಲಿಲ್ಲ' ಎಂದು ಸೇರಿಸಿದೆ. ಸುಳ್ಳು ಸೇರಿದ ಮೇಲೆ ಅದನ್ನು ಯಾವ ಸಭೆಯಲ್ಲೂ ಓದುವಂತಿಲ್ಲ. ಓದುವ ಆಸೆಯೂ ಹೋಗಿದೆ. ಇಲ್ಲಿ ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮೇಲಿನ ದೀಪ ಮೊದಲು ಹೋಯಿತು, ಆಮೇಲೆ ಗೋಡೆಗಳು, ಆಮೇಲೆ ನನ್ನ ಕೈಕಾಲು. ಎಲ್ಲೆಲ್ಲೂ ಕಾಫಿ ಹೂವಿನ ವಾಸನೆ. ನಮ್ಮ ಮಂಚ ಕಾಫಿ ಒಣಗಿಸುವ ಕಣದಷ್ಟು ಅಗಲವಾಗಿತ್ತು, ಅದರ ಮೇಲೆ ಗಂಗೆ ದಿಂಬಿಗೆ ಒರಗಿ ಕೂತಿದ್ದಳು. ಕಾಯಿಲೆಯ ಮುಖವಲ್ಲ, ಮೊದಲಿನ ತುಂಬು ಮುಖ. ನನ್ನನ್ನು ನೋಡಿ, "ಅಂತೂ ಗಡ್ಡೆ ತೆಗೆಸಿದ್ರಲ್ಲ" ಅಂದು ನಕ್ಕಳು. ಕ್ಷಮಿಸು ಎನ್ನಬೇಕೆಂದಿದ್ದೆ, ನಾಲಗೆ ಇರಲಿಲ್ಲ. ಅವಳು ಅದನ್ನು ಕಾಯುತ್ತಲೂ ಇರಲಿಲ್ಲ. ಮಂಚದ ತುದಿಯತ್ತ ಕೈ ತೋರಿಸಿ, "ರೀ, ಸ್ವಲ್ಪ ಸರಿದು ಕೂತ್ಕೊಳ್ಳಿ" ಅಂದಳು.

ಗ್ಲುಟಮೇಟ್ ನನಗೆ ಗೊತ್ತು. ಬಾಗಿಲು, ಅಗುಳಿ, ಕಣಜ, ಎಲ್ಲ ಗೊತ್ತು. ಅವತ್ತು ಬರೆದ ಒಂದಕ್ಷರವನ್ನೂ ಹೊಡೆದುಹಾಕುವುದಿಲ್ಲ. ಆದರೆ ಅಲ್ಲಿ ನಾನು ಸರಿದೆ.

ಎಷ್ಟು ಸರಿದೆ ಎಂದು ಮೊಹಿದ್ದೀನ್ ಆಮೇಲೆ ಹೇಳಿದ. "ಮೇಜಿಂದ ಬಿದ್ದೇಬಿಡ್ತಿದ್ರಿ ಸಾರ್. ನಾನೂ ನರ್ಸಮ್ಮನೂ ಹಿಡ್ಕಂಡ್ರೂ ಬಿಡ್ಲಿಲ್ಲ. ಕೂತ್ಕೊಳ್ಳಿ ಅತ್ತೆ, ಜಾಗ ಇದೆ, ಜಾಗ ಇದೆ ಅಂತ ಅಂಚಿಗೇ ಸರೀತಿದ್ರಿ."